ಬಾಗಿಲ ಬಳಿ ನಿಂತು ಹೇಳಿದ ಮಾತು

ಶಿಡ್ಲಘಟ್ಟದ ಖಲೀಮುಲ್ಲಾ ಸಾಹೇಬರ ಮಗಳು ಶಕೀಲಾ ಚಿಂತಾಮಣಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ತೊಂಬತ್ತೊಂದರಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ತರಬೇತಿಗೆ ಸೇರಿದಳು. ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ತಿರುಗಲಿಲ್ಲ. "ಎಕ್ಸ್‌ರೇ ಥರದ್ದೇ, ಅದಕ್ಕಿಂತ ದೊಡ್ಡದು" ಎಂದು ಅವಳ ತಂದೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. ನಿಜಕ್ಕೂ ಅಲ್ಲಿ ನಡೆಯುತ್ತಿದ್ದುದು ಎಕ್ಸ್‌ರೇಗೆ ತಿರುವುಮುರುವು. ರೋಗಿಗೇ ಚೂರು ವಿಕಿರಣದ ಔಷಧಿ ಕೊಡುತ್ತಿದ್ದರು. ಮೈಯೊಳಗಿನಿಂದ ಹೊರಬರುವ ಕಿರಣವನ್ನು ಕ್ಯಾಮೆರಾ ಹಿಡಿಯುತ್ತಿತ್ತು.

ಶಕೀಲಾ ಕೆಲಸ ಬೇಗ ಕಲಿತಳು. ವಿಕಿರಣ ತಡೆಯುವ ಸೀಸದ ಇಟ್ಟಿಗೆಗಳ ಹಿಂದೆ ಕೈ ಚಾಚಿ ಔಷಧಿ ಅಳೆಯುವಾಗ ಅವಳ ಬೆರಳು ನಡುಗುತ್ತಿರಲಿಲ್ಲ. ಆದರೆ ಹಾಸ್ಟೆಲಿನಲ್ಲಿ ಊರಿನ ಮಾತು ಬಂದರೆ ನಾಲಿಗೆ ತಡವರಿಸುತ್ತಿತ್ತು. ಅಪ್ಪನದು "ಸಿಲ್ಕ್ ಬಿಸಿನೆಸ್" ಎಂದಿದ್ದಳು. ಮನೆಯ ಹಿತ್ತಿಲಲ್ಲೇ ಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ, ಸತ್ತ ಹುಳುವಿನ ವಾಸನೆ ಹಾಸಿಗೆಗೂ ಹತ್ತುತ್ತದೆ ಎಂದು ಹೇಳಿರಲಿಲ್ಲ. ಊರಿಂದ ಬಂದ ದಿನ ಬಟ್ಟೆಯನ್ನು ಎರಡೆರಡು ಸಲ ಒಗೆಯುತ್ತಿದ್ದಳು.

ಆ ಹಿತ್ತಿಲಿನಲ್ಲಿ ನೂಲು ಬಿಚ್ಚುತ್ತಿದ್ದವಳು ಅಶ್ವತ್ಥಮ್ಮ. ಶಕೀಲಾಳ ತಾಯಿ ಅಜೀಜಾ ಬಹಳ ಕಾಲ ಕಾಯಿಲೆ ಬಿದ್ದಿದ್ದಾಗ ಮಗುವಿಗೆ ಉಣಿಸಿದವಳು, ತಲೆ ಬಾಚಿ ಶಾಲೆಗೆ ಬಿಟ್ಟವಳು ಅವಳೇ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬಿಳಿಚಿಕೊಂಡ ಆ ಬೆರಳುಗಳನ್ನು ಹಿಡಿದೇ ಶಕೀಲಾ ನಡೆಯಲು ಕಲಿತದ್ದು.

ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ಅಶ್ವತ್ಥಮ್ಮ ಸೊರಗಿದ್ದಳು. ಕೈ ನಡುಕ, ಎದೆ ಡವಡವ, ಕತ್ತಿನಲ್ಲಿ ಊತ. ಚಿಕ್ಕಬಳ್ಳಾಪುರದ ಡಾಕ್ಟರು ಥೈರಾಯ್ಡ್ ಎಂದು ಬೆಂಗಳೂರಿಗೆ ಕಳಿಸಿದರು. "ನಮ್ಮ ಶಕೀಲಾ ಅಲ್ಲೇ ಅವಳೆ, ಎಲ್ಲಾ ನೋಡ್ಕೋತಾಳೆ" ಎಂದು ಖಲೀಮುಲ್ಲಾ ಸಾಹೇಬರು ಧೈರ್ಯ ಹೇಳಿದರು. ಸುದ್ದಿ ತಿಳಿದ ಶಕೀಲಾ, ಅಶ್ವತ್ಥಮ್ಮ ಬರುವ ದಿನ ತನಗೆ ಬೇರೆ ಕೋಣೆಯ ಕೆಲಸ ಬೀಳಲಿ ಎಂದು ಬೇಡಿಕೊಂಡಳು.

ಬೀಳಲಿಲ್ಲ. ಅಶ್ವತ್ಥಮ್ಮ ಸೀಸದ ಡಬ್ಬಿಯೊಳಗಿನ ಬಾಟಲಿಗೆ ಸ್ಟ್ರಾ ಹಾಕಿ ವಿಕಿರಣದ ಅಯೋಡಿನ್ ಔಷಧಿ ಕುಡಿದು ಮುಗಿಸಿದ್ದಳು. ಜೊತೆಗೆ ಬಂದಿದ್ದ ಅವಳ ಮಗ ಮುನಿನಾರಾಯಣಪ್ಪ ಹೊರಗಿದ್ದ. ಹಿರಿಯ ಟೆಕ್ನಾಲಜಿಸ್ಟ್ ಯೋಗನರಸಿಂಹ, "ಶಕೀಲಾ, ನಿಮ್ಮ ಕಡೆಯವರಂತೆ. ಮನೇಲಿ ಹೇಗಿರ್ಬೇಕು, ಎಷ್ಟು ದಿನ ಅಂತ ಹತ್ತಿರ ಹೋಗಿ ಕನ್ನಡದಲ್ಲಿ ಚೆನ್ನಾಗಿ ವಿವರಿಸಿ ಬಾಮ್ಮ" ಎಂದು ಮತ್ತೊಬ್ಬ ರೋಗಿಯತ್ತ ಹೋದರು.

ಶಕೀಲಾ ಬಾಗಿಲ ಬಳಿಯೇ ನಿಂತಳು. ಹಿಂದೆ ಜೊತೆಯ ಹುಡುಗಿಯರಿಬ್ಬರು ನಿಂತಿದ್ದರು. ಕೋಣೆಯಲ್ಲೆಲ್ಲ ಹಿತ್ತಿಲಿನ ಹುಳುವಿನ ವಾಸನೆ ಹರಡಿದೆ ಎಂದು ಅವಳಿಗೆ ಅನಿಸಿತು. ಅಶ್ವತ್ಥಮ್ಮನ ಮುಖ ಅರಳಿತು. "ಪಾಪಾ, ನೀನೇ ಬಂದ್ಯಾ? ನಮ್ ಪಾಪ ಕಣ್ರಮ್ಮ, ಇವಳನ್ನ ನಾನೇ..."

"ಕೇಳಿ," ಶಕೀಲಾ ಮಾತು ಕತ್ತರಿಸಿದಳು. "ಮಕ್ಕಳನ್ನು ಎತ್ತಿಕೊಳ್ಳಬಾರದು. ಬೇರೆ ಮಲಗಬೇಕು. ತಟ್ಟೆ, ಲೋಟ ಬೇರೆ ಇಟ್ಟುಕೊಳ್ಳಬೇಕು. ತಿಳಿಯಿತಾ?"

ಅಶ್ವತ್ಥಮ್ಮ ಒಂದು ಗಳಿಗೆ ಅವಳನ್ನೇ ನೋಡಿ, "ತಿಳೀತು" ಎಂದಳು. ಶಕೀಲಾ ಸರ್ರನೆ ತಿರುಗಿ ಹೋದಳು. ಇದೆಲ್ಲ ಎರಡು ವಾರ ಮಾತ್ರ, ಆಮೇಲೆ ಎಂದಿನಂತೆ ಇರಬಹುದು ಎಂಬುದನ್ನು ಹೇಳಲೇ ಇಲ್ಲ. ಹೇಳದೆ ಬಂದೆ ಎಂಬುದೂ ಅವಳಿಗೆ ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ ರಂಜಾನ್ ಹಬ್ಬಕ್ಕೆ ಊರಿಗೆ ಹೋದಾಗ, ತಾಯಿ ಶೀರ್ ಖುರ್ಮಾ ಪಾಯಸದ ಪಾತ್ರೆ ಕೊಟ್ಟು ಅಶ್ವತ್ಥಮ್ಮನ ಮನೆಗೆ ಕಳಿಸಿದಳು. ಅಶ್ವತ್ಥಮ್ಮ ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಮೈ ತುಂಬಿಕೊಂಡಿತ್ತು, ಕೈ ನಡುಗುತ್ತಿರಲಿಲ್ಲ. ಪಕ್ಕದಲ್ಲಿ ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ, ಸುತ್ತಿಟ್ಟ ಚಾಪೆ. ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಮೊಮ್ಮಗಳು ಜಗಲಿಯತ್ತ ಬಂದರೆ ಸೊಸೆ ಓಡಿಬಂದು ಎತ್ತಿಕೊಳ್ಳುತ್ತಿದ್ದಳು.

"ಇದೇನಕ್ಕಾ, ಹೊರಗೆ?" ಶಕೀಲಾಳಿಗೆ ಅರ್ಥವಾಗಲಿಲ್ಲ.

"ನೀನೇ ಹೇಳಿದ್ಯಲ್ಲಮ್ಮ."

ಶಕೀಲಾ ಪಾತ್ರೆ ಕೆಳಗಿಟ್ಟು ಅಲ್ಲೇ ಕೂತಳು. "ಅಶ್ವತ್ಥಕ್ಕಾ, ಅದು ಎರಡೇ ವಾರ. ಯಾವತ್ತೋ ಮುಗೀತು. ನೀನು ಇಷ್ಟು ದಿನ... ಅವತ್ತೇ ನನ್ನ ಕೇಳಬಾರ್ದಿತ್ತಾ?"

ಅಶ್ವತ್ಥಮ್ಮ ಸೊಸೆ ದೂರ ಹೋಗುವವರೆಗೆ ಕಾದು, ದನಿ ತಗ್ಗಿಸಿ ಹೇಳಿದಳು: "ನಿನ್ನ ಜತೆಗಿದ್ದ ಹುಡುಗೀರ ಮುಂದೆ ನಿಂಗೆ ನನ್ನಿಂದ ನಾಚ್ಕೆ ಆಯ್ತು. ನಂಗೆ ಗೊತ್ತಾಯ್ತು ಕಣಮ್ಮ. ಮತ್ತೆ ಕರೆದು ಎಷ್ಟು ದಿನ ಅಂತ ಕೇಳಿದ್ರೆ ನಿನ್ ಮುಖ ಇನ್ನೂ ಸಣ್ಣದಾಗ್ತಿತ್ತು."

"ಅಪ್ಪನ ಹತ್ರ ಆದ್ರೂ..."

"ಸಾಹೇಬ್ರನ್ನ ಕೇಳಿದ್ರೆ, ನಮ್ಮ ಶಕೀಲಾ ಹೇಳ್ಲಿಲ್ವಾ ಅಂತಿದ್ರು. ಆಗ ನಾನೇನ್ ಹೇಳ್ಲಿ?"

ಶಕೀಲಾಳಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ, ಇಂಥ ಓದು ಯಾರಿಗೆ ಬೇಕಿತ್ತು ಎಂದು ಮುಖದ ಮೇಲೆ ಅಂದಿದ್ದರೆ ಸಹಿಸಬಹುದಿತ್ತು. ಎದ್ದು ಹೋಗಿ, ಸೊಸೆಗೆ ಎಲ್ಲವನ್ನೂ ಬಿಡಿಸಿ ಹೇಳಿ, ಮಗುವನ್ನು ಎತ್ತಿ ತಂದು ಅಶ್ವತ್ಥಮ್ಮನ ಮಡಿಲಲ್ಲಿ ಕೂರಿಸಿದಳು. ಮಗು ಆ ಮುಖವನ್ನು ನೋಡಿತು, ಅದಕ್ಕೆ ಆ ಮಡಿಲಿನ ಬಳಕೆ ತಪ್ಪಿತ್ತು. ಕಿಟಾರನೆ ಕಿರುಚಿ ತಾಯಿಯ ಕಡೆ ಕೈ ಚಾಚಿತು. "ಬಿಡಮ್ಮ, ನಾಳೆ ನಾಳಿದ್ದರಲ್ಲಿ ಹೊಂದ್ಕೋತದೆ" ಎಂದು ಅಶ್ವತ್ಥಮ್ಮ ನಕ್ಕಳು. ಶಕೀಲಾ ಹಬ್ಬದೂಟ ಉಣ್ಣಲಿಲ್ಲ.

ಬೆಂಗಳೂರಿಗೆ ಮರಳಿದವಳು ನಡೆದದ್ದನ್ನು ಯೋಗನರಸಿಂಹರಿಗೆ ತಿಳಿಸಿದಳು. ನಾಚಿಕೆಯ ಭಾಗವನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಔಷಧಿ ಚೆಲ್ಲಿದ್ರೆ ಒರೆಸಬಹುದಮ್ಮ. ಇದನ್ನ ಹೇಗೆ ಒರೆಸ್ತೀಯ?" ಎಂದರು. ಕೆಲಕಾಲ ರೋಗಿಗಳಿಗೆ ವಿವರಿಸುವ ಕೆಲಸವನ್ನು ಅವಳಿಗೆ ಕೊಡಲಿಲ್ಲ. ಬೇರೆ ಹುಡುಗಿ ಅರೆಬರೆ ಕನ್ನಡದಲ್ಲಿ ಹೇಳುವುದನ್ನು ಶಕೀಲಾ ಪಕ್ಕದಲ್ಲಿ ನಿಂತು ಕೇಳಬೇಕಾಯಿತು.

ಮರುಪರೀಕ್ಷೆಗೆ ಅಶ್ವತ್ಥಮ್ಮ ಬಂದ ದಿನ ಶಕೀಲಾ ಗೇಟಿಗೇ ಹೋಗಿ ಕೈ ಹಿಡಿದು ಕರೆತಂದಳು. ಜೊತೆಯ ಹುಡುಗಿಯರ ಮುಂದೆ, "ನನ್ನ ಸಾಕಿದೋರು ಇವರೇ. ನಮ್ಮ ಮನೇಲೇ ನೂಲು ಬಿಚ್ಚೋದು" ಎಂದಳು.

ಹುಡುಗಿಯರು ನಮಸ್ಕರಿಸಿದರು. ಅಶ್ವತ್ಥಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು. "ಅವರ ಮನೇಲಿ ಕೆಲಸ ಮಾಡ್ಕೊಂಡಿದೀನಮ್ಮ, ಅಷ್ಟೇ," ಎಂದು ಶಕೀಲಾಳ ಕಡೆ ತಿರುಗಿ, "ಎಲ್ಲಿ ಕೂತ್ಕೊಳ್ಲಿ ಮೇಡಂ?" ಎಂದು ಕೇಳಿದಳು. ಆ ದನಿಯಲ್ಲಿ ಕೊಂಕಿರಲಿಲ್ಲ. ತಾನು ಸಾಕಿದ ಹುಡುಗಿಯ ಮರ್ಯಾದೆ ಕಾಯುವ ಜಾಗರೂಕತೆ ಮಾತ್ರ ಇತ್ತು.

ಶಕೀಲಾ ಅದೇ ವಿಭಾಗದಲ್ಲಿ ಕೆಲಸಕ್ಕೆ ನಿಂತಳು. ಅಶ್ವತ್ಥಮ್ಮ ಗುಣವಾಗಿ, ವರ್ಷಕ್ಕೊಮ್ಮೆ ತೋರಿಸಿಕೊಂಡು ಹೋಗುತ್ತಿದ್ದಳು. ಶಿಡ್ಲಘಟ್ಟದ ಹಿತ್ತಿಲಲ್ಲಿ ಎಂದಿನಂತೆ ಪಾಪಾ ಎಂದು ಕೂಗುತ್ತಿದ್ದವಳು, ಎಷ್ಟು ಬೇಡಿಕೊಂಡರೂ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಮೇಡಂ ಅನ್ನುವುದನ್ನು ಬಿಡಲಿಲ್ಲ. ಪ್ರತಿ ಸಲವೂ ಶಕೀಲಾಳ ಕಿವಿ ಬಿಸಿಯಾಗುತ್ತಿತ್ತು.