ಹೊರಗಿಟ್ಟವರ ಹೆಸರು

ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ನಮ್ಮ ಕಟ್ಟಡದಲ್ಲಿ ಪ್ರತಿ ಬಾಗಿಲಿನ ಅಂಚೆಕಂಡಿಯ ಮೇಲೂ ಮನೆತನದ ಹೆಸರು ಇರುತ್ತಿತ್ತು. ನಮ್ಮದರಲ್ಲಿ ನನ್ನ ಮಾವನವರ ಹೆಸರು. ಎದುರು ಬಾಗಿಲಿನಲ್ಲಿ ‘ಎಸ್ಪೊಸಿಟೊ’. ಅಲ್ಲಿದ್ದ ಒಂಟಿ ಮುದುಕರು ಹರೆಯದಲ್ಲೇ ಇಟಲಿಯಿಂದ ಲಾರಿ ಕಾರ್ಖಾನೆಯ ಕೆಲಸಕ್ಕೆ ಬಂದವರು. ನನ್ನ ತಡವರಿಸುವ ಸ್ವೀಡಿಷ್ ಅವರಿಗೊಬ್ಬರಿಗೆ ಪೂರ್ತಿ ಅರ್ಥವಾಗುತ್ತಿತ್ತು.

ಒಂದು ಮಧ್ಯಾಹ್ನ ಅವರನ್ನು ಫಿಕಾಕ್ಕೆ, ಇಲ್ಲಿನವರ ಕಾಫಿ-ತಿಂಡಿಯ ಹೊತ್ತಿಗೆ, ಕರೆದಿದ್ದೆ. ಚಕ್ಕುಲಿಯನ್ನು ಕಾಫಿಗೆ ಅದ್ದುತ್ತಿದ್ದವರನ್ನು, ಆ ಹೆಸರು ಎಲ್ಲಿಯದೆಂದು ಕೇಳಿದೆ.

“ನೇಪಲ್ಸ್‌ನ ಬೀದೀಲಿ ನಿಂತು ಕೂಗಿ ನೋಡಮ್ಮ, ಅರ್ಧ ಬೀದಿ ತಿರುಗುತ್ತೆ. ಫೋನ್ ಪುಸ್ತಕದಲ್ಲಿ ಪುಟಗಟ್ಟಲೆ ನಾವೇ!”

“ಎಲ್ಲ ನೆಂಟರಾ?”

“ಎಲ್ಲಿಯ ನೆಂಟರು! ಹೊರಗಿಟ್ಟದ್ದು ಅಂತ ಅದರರ್ಥ. ಅನಾಥಾಲಯದ ಗೋಡೆಯಲ್ಲಿ ತಿರುಗುವ ಪೆಟ್ಟಿಗೆ ಇತ್ತು. ತಾಯಿ ಕೂಸನ್ನ ಅದರಲ್ಲಿಟ್ಟು, ಗಂಟೆ ಬಾರಿಸಿ ಹೋಗಿಬಿಡೋಳು. ಒಳಗಿನವರು ತಿರುಗಿಸಿ ಎತ್ತಿಕೊಳ್ಳೋರು. ಬಂದ ಕೂಸುಗಳಿಗೆಲ್ಲ ಇದೇ ಹೆಸರು. ನಮ್ಮ ಮುತ್ತಜ್ಜನ ಅಜ್ಜ ಹಾಗೆ ಬಂದವನೇ. ಆಮೇಲೆ ಆ ಹೆಸರಿಡೋದು ನಿಲ್ಲಿಸಿದರು. ಇಟ್ಟಿದ್ದು ಮಾತ್ರ ಉಳೀತು.”

ನಾನು ಕಪ್ ಕೆಳಗಿಟ್ಟೆ.

ನಾನು ಬೆಳೆದು ಓದಿದ ಕಾನ್ವೆಂಟಿನ ಗೇಟಿನ ಪಕ್ಕದಲ್ಲೊಂದು ತೊಟ್ಟಿಲಿತ್ತು, ಮೇಲೆ ಹಿತ್ತಾಳೆಯ ಗಂಟೆ. ಸಂಜೆಯ ಜಪದ ನಡುವೆ ಅದು ಬಾರಿಸಿದರೆ ಹಿರಿಯ ಸಿಸ್ಟರ್ ಜಪಸರವನ್ನು ಬೆಂಚಿನ ಮೇಲಿಟ್ಟು ಎದ್ದು ಹೋಗುತ್ತಿದ್ದರು. ನಾವು ಹುಡುಗಿಯರು ತಲೆ ಎತ್ತುತ್ತಿರಲಿಲ್ಲ. ನಮ್ಮಲ್ಲಿ ಕೆಲವರು ಬಂದ ದಾರಿ ಅದೇ. ನಾನೂ.

ಯಜಮಾನರಿಗೆ ಗೊತ್ತಿತ್ತು. ಏಳು ವರ್ಷದ ಮಗಳಿಗೆ ಹೇಳಿರಲಿಲ್ಲ. ಭಾನುವಾರ ಫೋನ್ ಕಾರ್ಡಿನ ನಂಬರು ಗೀಚಿ ತೆಗೆದು ನಾವು ಮಾತಾಡಿಸುತ್ತಿದ್ದ ಆ ಸಿಸ್ಟರೇ ನನ್ನ ತಾಯಿ ಎಂದು ಅವಳು ತಿಳಿದಿದ್ದಳು. ಹೇಳಿಬಿಟ್ಟರೆ ಅವಳಿಗೂ ಆ ಗಂಟೆ ಕೇಳಿಸತೊಡಗುತ್ತದೇನೋ ಎಂದು ನನಗೆ ಭಯ.

ಅಂದಿನಿಂದ ಗಂಟೆ ನನ್ನನ್ನು ಬಿಡಲಿಲ್ಲ. ಲಿಫ್ಟ್ ಬಂದು ನಿಂತಾಗ, ಚಮಚ ಲೋಟಕ್ಕೆ ತಗುಲಿದಾಗ, ಹೋಗಿ ಬಾಗಿಲು ತೆರೆಯುತ್ತಿದ್ದೆ. ಮೆಟ್ಟಿಲ ಮೇಲೆ ಯಾರೂ ಇರುತ್ತಿರಲಿಲ್ಲ. ಎದುರಿನ ಹೆಸರು ನನ್ನನ್ನೇ ನೋಡುತ್ತಿತ್ತು.

ನವೆಂಬರಿನಲ್ಲಿ, ಇಲ್ಲಿನವರೆಲ್ಲ ಸತ್ತವರಿಗೆ ದೀಪ ಹಚ್ಚುವ ಶನಿವಾರ, ದಾರಿ ಜಾರುತ್ತದೆಂದು ಆ ಮುದುಕರ ಕೈ ಹಿಡಿದುಕೊಂಡು ನಾನೂ ಮಗಳೂ ಸ್ಮಶಾನಕ್ಕೆ ಹೋದೆವು. ಹೆಂಡತಿಯ ಸಮಾಧಿಗೊಂದು ದೀಪವಿಟ್ಟು, ಅವರು ಆಚೆಯ ನೆನಪಿನ ತೋಪಿಗೆ, ಗುರುತಿಲ್ಲದೆ ಬೂದಿ ಹೂಳುವ ಜಾಗಕ್ಕೆ, ನಡೆದರು. ಅಲ್ಲಿ ಸಮಾಧಿಕಲ್ಲುಗಳಿಲ್ಲ. ನೆಲದ ತುಂಬ ದೀಪಗಳು, ಒಂದರ ಮುಂದೂ ಹೆಸರಿಲ್ಲ.

“ಇದು ಗಂಟೆ ಬಾರಿಸಿದವಳಿಗೆ,” ಎಂದು ಅವರು ಒಂದನ್ನು ಹಚ್ಚಿದರು. ಚೀಲದಿಂದ ಇನ್ನೊಂದು ತೆಗೆದು ನನ್ನತ್ತ ಚಾಚಿದರು. “ಪ್ರತಿ ವರ್ಷ ಒಂದು ಹೆಚ್ಚಿಗೆ ತರ್ತೀನಿ. ಯಾರಿಗಾದರೂ ಬೇಕಾಗುತ್ತೆ.”

ಗಾಳಿಗೆ ಕಡ್ಡಿ ಆರುತ್ತಲೇ ಇತ್ತು. ಮಗಳು ಅಂಗೈ ಅಡ್ಡ ಹಿಡಿದಳು.

“ಇದು ಯಾರಿಗಮ್ಮಾ?”

“ನನ್ನ ಅಮ್ಮನಿಗೆ.”

“ಸಿಸ್ಟರ್ ಅಜ್ಜಿ ಸತ್ತೋದ್ರಾ?”

“ಇಲ್ಲ ಪುಟ್ಟಿ. ಇವರು ಬೇರೆ. ನನ್ನನ್ನ ಕಾನ್ವೆಂಟ್ ಗೇಟ್ ಹತ್ರ ತೊಟ್ಟಿಲಲ್ಲಿ ಇಟ್ಟು, ಗಂಟೆ ಹೊಡೆದು ಹೋದವರು.”

ಅವಳು ದೀಪವನ್ನೇ ನೋಡಿದಳು. “ಹೋಗೋಕ್ ಮುಂಚೆ, ನಿಂತ್ಕೊಂಡ್ ನೋಡಿದ್ರಾ? ಯಾರಾದ್ರೂ ಬಂದು ಎತ್ಕೊಂಡ್ರಾ ಅಂತ?”

“ಗೊತ್ತಿಲ್ಲ ಕಣೇ.”

ಹಿಂತಿರುಗುವಾಗ, ಗೇಟಿನವರೆಗೂ ಅವಳು ಕತ್ತು ತಿರುಗಿಸಿ ನಮ್ಮ ದೀಪವಿದ್ದ ಆ ಮರಗಳ ಸಂದನ್ನೇ ನೋಡುತ್ತಾ ಬಂದಳು. ನಾನೂ ನೋಡಿದೆ.