ಬಾಯಿ ತುಂಬ ಎಲೆ ಅಡಿಕೆ

ಯಾರ ಮಾತನ್ನೂ ಪೂರ್ತಿ ಕೇಳುವ ವ್ಯವಧಾನ ನನಗಿಲ್ಲ. ಇದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಬೇರೆಯವರು ಹೇಳಿದರೆ ಮಾತ್ರ ಸಿಟ್ಟು ಬರುತ್ತದೆ. ಇಪ್ಪತ್ತೆರಡು ವರ್ಷ ಮುಲುಂಡ್‌ನಿಂದ ಲೋಕಲ್ ಹಿಡಿದು ಆಫೀಸಿಗೆ ಹೋದವಳು ನಾನು. ಜೊತೆಯ ಗೆಳತಿ ದಾದರ್‌ನಲ್ಲಿ ಇಳಿಯುವುದರೊಳಗೆ ಅವಳ ಅತ್ತೆಯ ಕಥೆಯೂ ಮುಗಿಯಬೇಕು, ನನ್ನ ಕಥೆಯೂ ಮುಗಿಯಬೇಕು. ಒಬ್ಬಳು ಉಸಿರು ಎಳೆದುಕೊಳ್ಳಲು ನಿಂತರೆ ಇನ್ನೊಬ್ಬಳು ಬಾಯಿ ಹಾಕುತ್ತಿದ್ದಳು. ಅದಕ್ಕೆ ನಮ್ಮಿಬ್ಬರಲ್ಲಿ ಯಾರೂ ಬೇಸರಪಟ್ಟುಕೊಂಡದ್ದಿಲ್ಲ.

ಬೇಸರಪಟ್ಟುಕೊಂಡವಳು ನನ್ನ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ತಿಳಿಯುತ್ತದೆ, ಆದರೆ ಮಾತಾಡುವಾಗ ನಡುವೆ ನಡುವೆ ನಿಲ್ಲುತ್ತಾಳೆ. ಅವಳು ನಿಂತ ಕಡೆಯೆಲ್ಲ ನಾನು ನುಗ್ಗುತ್ತಿದ್ದೆ. ಪದವಷ್ಟೇ ಅಲ್ಲ, ಇಡೀ ವಾಕ್ಯವನ್ನೇ ಮುಗಿಸಿ ಕೈಗಿಡುತ್ತಿದ್ದೆ. "ಅಮ್ಮ, ಇವತ್ತು ಟ್ರೇನಲ್ಲಿ..." ಎಂದರೆ ಸಾಕು, "ರಶ್ ಇತ್ತಾ? ಸೀಟು ಸಿಗ್ಲಿಲ್ವಾ? ನಿಂತ್ಕೊಂಡೇ ಬಂದ್ಯಾ?" ಅವಳು "ಜಾನೇ ದೋ, ಅಮ್ಮಾ" ಎಂದು ಕೋಣೆಗೆ ಹೋಗುತ್ತಿದ್ದಳು. ನಾನೋ ಸಹಾಯ ಮಾಡಿದೆನೆಂದು ತಿಳಿದವಳು. ಇವಳಿಗೆ ಎಷ್ಟು ಕೊಬ್ಬು ಎಂದುಕೊಳ್ಳುತ್ತಿದ್ದೆ.

ಅವಳು ಸಿ.ಎ. ಪರೀಕ್ಷೆ ಬರೆದು ಬಂದ ವಾರ, ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು "ಅಮ್ಮ, ಆ ಪರೀಕ್ಷೆ ನನಗೆ..." ಎಂದಳು. "ಪಾಸಾಗ್ತೀಯ ಬಿಡೇ, ನಿನ್ನನ್ನ ನಾನು ನೋಡಿಲ್ವಾ?" ಎಂದೆ. ಒಂದು ಲೋಟ ನೀರು ಕುಡಿದು ಹೊರಟುಹೋದಳು. ಆಮೇಲೆ ನಮ್ಮ ನಡುವಿನ ಮಾತು ಹಾಲು, ಕೀಲಿಕೈ, ಇಸ್ತ್ರಿ ಬಟ್ಟೆಗಳಿಗೆ ಬಂದು ನಿಂತಿತು. ಅವಳ ಮನಸ್ಸಿನಲ್ಲಿ ಏನೋ ಇದೆ ಎಂದು ಗೊತ್ತಾಗುತ್ತಿತ್ತು. ಕೇಳಿದರೆ "ಕುಛ್ ನಹೀಂ" ಎನ್ನುತ್ತಿದ್ದಳು. ನನಗೆ ಹೆದರಿಕೆಯಾಯಿತು.

ಶನಿವಾರಗಳಂದು ಅವಳು ಸಯನ್‌ಗೆ, ನನ್ನ ಗಂಡನ ಅಕ್ಕನ ಮನೆಗೆ ಹೋಗುತ್ತಿದ್ದಳು. ಧಾರವಾಡದಿಂದ ಮದುವೆಯಾಗಿ ಬಂದವರು. ಮಗಳು ಅವರನ್ನು ಅತ್ಯಾ ಎನ್ನುತ್ತಾಳೆ. ಒಂದು ಶನಿವಾರ ನಾನೂ ಜೊತೆಗೆ ಹೋದೆ. ಊಟವಾಯಿತು. ಅತ್ಯಾ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡರು. ನಾನು ಪಾತ್ರೆ ಒಳಗಿಡಲು ಎದ್ದೆ. ಅಷ್ಟರಲ್ಲಿ ಮಗಳು ಶುರುಮಾಡಿದ್ದಳು. ಲೋಕಲ್‌ನಲ್ಲಿ ಯಾರದೋ ಚೀಲದಿಂದ ಜೀವಂತ ಏಡಿ ಹೊರಬಂದು ಹೆಂಗಸರೆಲ್ಲ ಸೀಟಿನ ಮೇಲೆ ಹತ್ತಿದ ಕಥೆ. ಅರ್ಧ ನನ್ನ ಮೈಸೂರು, ಅರ್ಧ ಅವರ ಧಾರವಾಡ, ನಡುವೆ ಹಿಂದಿ. ಆದರೂ ಕನ್ನಡವೇ, ಹತ್ತು ನಿಮಿಷ ಕನ್ನಡ! ನಾಲ್ಕು ಸಲ ನಿಂತಳು, ನಾಲ್ಕು ಸಲವೂ ತಾನೇ ದಾರಿ ಹುಡುಕಿಕೊಂಡಳು. ಅತ್ಯಾ ಹೂಂ ಎಂದರು, ಅಷ್ಟೇ. ನನ್ನ ಹೊಟ್ಟೆ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಹೊರಡುವಾಗ ಮಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ, "ನಿಮ್ಮ ಹತ್ರ ಅದು ಹೇಗಕ್ಕಾ ಮಾತಾಡ್ತಾಳೆ?"

"ನಾ ಏನ್ ಮಾಡೇನವಾ? ಬಾಯಾಗ ಎಲಿ ಇರ್ತದ, ಮಾತಾಡಾಕ ಬರೂದಿಲ್ಲ. ಪಾಪ, ಅಕೀನ ಮಾತಾಡ್ತಾಳ" ಎಂದು ನಕ್ಕರು. ನಾಲ್ಕು ಎಲೆ, ಒಂದಿಷ್ಟು ಅಡಿಕೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಮರುದಿನ ಭಾನುವಾರ, ಊಟದ ನಂತರ ನಾನು ಎಲೆ ಹಾಕಿಕೊಂಡು ಕೂತೆ. ಸುಣ್ಣ ಜಾಸ್ತಿಯಾಗಿ ನಾಲಿಗೆ ಚುರುಗುಟ್ಟಿತು. "ಅಮ್ಮ, ನೀನು ಕಬ್ ಸೇ?" ಎಂದು ಮಗಳು ನಕ್ಕಳು. ಉಬ್ಬಿದ ಕೆನ್ನೆಯನ್ನು ತೋರಿಸಿದೆ. ನಗು ನಿಂತಿತು. ಎದುರಿಗೆ ಕುರ್ಚಿ ಎಳೆದುಕೊಂಡಳು.

"ಅವತ್ತು ಹೇಳಕ್ಕೆ ಬಂದಿದ್ದೆ, ಅಮ್ಮ. ಆ ಪರೀಕ್ಷೆ ಅಂದ್ರೆ ನನಗೆ..."

ನಿಂತಳು. ಕಷ್ಟ, ಬೇಜಾರು, ಬೋರು, ಮೂರೂ ನನ್ನ ಬಾಯಿಗೆ ಬಂದು ಎಲೆಗೆ ತಡೆದು ನಿಂತವು. ಪಕ್ಕದ ಬಿಲ್ಡಿಂಗ್‌ನಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು. ಎರಡು ಸೀಟಿ ಕೂಗಿತು. ಅವಳಿನ್ನೂ ಹುಡುಕುತ್ತಿದ್ದಳು.

"...ಭಯ, ಅಮ್ಮ. ಕೊನೇ ಪೇಪರ್ ಬರೀಲೇ ಇಲ್ಲ. ಎದ್ದು ಬಂದ್‌ಬಿಟ್ಟೆ. ಮನೇಗೆ ಬರಕ್ಕೆ ಧೈರ್ಯ ಇಲ್ಲದೆ ವಡಾಲ ಸ್ಟೇಷನ್ನಲ್ಲಿ ಕೂತಿದ್ದೆ, ಮೂರು ಗಂಟೆ."

ನನ್ನ ಮೂರು ಪದಗಳಲ್ಲಿ ಭಯ ಇರಲೇ ಇಲ್ಲ. ಮೂರು ಗಂಟೆ ಒಬ್ಬಳೇ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದ ನನ್ನ ಕೂಸನ್ನು ನೆನೆದು ಕಣ್ಣು ತುಂಬಿತು. ಅವಳ ಕೈ ಹಿಡಿದುಕೊಂಡು ಹೂಂ ಎಂದೆ. ಅವಳು ಮುಂದುವರಿಸಿದಳು.

ಹೊರಗೆ ಬಿಸಿಲು ಇಳಿಯುವವರೆಗೂ ಹೇಳಿದಳು. ನನ್ನ ಬಾಯಲ್ಲಿದ್ದ ಎಲೆ ಯಾವಾಗಲೋ ಕರಗಿಹೋಗಿತ್ತು. ಅದು ಅವಳಿಗೆ ತಿಳಿಯಬಾರದೆಂದು ಕೆನ್ನೆ ಉಬ್ಬಿಸಿಕೊಂಡೇ ಕೂತಿದ್ದೆ.