ಕೆಂಪರಾಜು ಕೇಳಿದ ಹಾಡು

ನಮ್ಮ ಭಾವ ಕೆಂಪರಾಜು ಗುಡೇಮಾರನಹಳ್ಳಿಯವನು. ರಾಮನಗರದ ರೇಷ್ಮೆ ನೂಲು ಹುರಿ ಮಾಡುವ ಶೆಡ್ಡಿಗೆ ಸೇರಿದಾಗ ಮೀಸೆಯೂ ಸರಿಯಾಗಿ ಬಂದಿರಲಿಲ್ಲವಂತೆ. ಬೆಳಗಿಂದ ಸಂಜೆತನಕ ಸಾವಿರಾರು ಕದಿರು ಗಿರ್ರನೆ ತಿರುಗುವ ಜಾಗ ಅದು. ಅಲ್ಲಿ ಕೂಗಿ ಪ್ರಯೋಜನವಿಲ್ಲ. ಕೈಸನ್ನೆ ಮಾಡಬೇಕು, ಇಲ್ಲವೇ ಎದುರಿನವನ ತುಟಿ ನೋಡಿ ಮಾತು ತಿಳಿಯಬೇಕು. ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ಬಾಣಂತಿ ಎಂದು ರೇಗಿಸುತ್ತಿದ್ದರು. ಭಾವ ಬಾಣಂತಿಯಾಗಲು ಒಪ್ಪಲಿಲ್ಲ. ಮೂರ್ಖತನಕ್ಕೆ ಗಂಡಸುತನ ಎಂದು ಹೆಸರಿಡುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ವರ್ಷಗಳು ಕಳೆದಂತೆ ಭಾವನ ಕಿವಿಯಿಂದ ಮೊದಲು ಹೋದದ್ದು ಫೋನಿನ ರಿಂಗು. ಆಮೇಲೆ ಕುಕ್ಕರಿನ ಸೀಟಿ. ಕೊನೆಗೆ ಮಗಳು ಧನುಶ್ರೀಯ ದನಿ. ಆ ಹುಡುಗಿ ಬಹಳ ಚೆನ್ನಾಗಿ ಹಾಡುತ್ತಾಳೆ. ಚಿಕ್ಕವಳಿದ್ದಾಗ ಶನಿವಾರದ ಭಜನೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವನು ಇವನೇ. ಈಗ ಅವಳು ಹಾಡಿದರೆ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ. ಹೋದದ್ದು ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕೆಂದರೆ ಶೆಡ್ ಬಿಡು ಎಂದರು ಡಾಕ್ಟರು. ಬಿಟ್ಟ. ಮಾವಿನ ಮಂಡಿಯೊಂದರ ಕಾವಲಿಗೆ ಸೇರಿದ. ಮನೆಯಲ್ಲಿ ಮಾತೇ ಕಡಿಮೆಯಾಯಿತು. ಅಕ್ಕ ಸಿಡಿಮಿಡಿಗೊಳ್ಳುತ್ತಿದ್ದಳು. ಹೇಳಿದ್ದನ್ನೇ ಎಷ್ಟು ಸಲ ಅಂತ ಹೇಳುವುದು?

ಒಂದು ಸಂಜೆ ಭಾವ ಮಂಡಿಯಿಂದ ಮನೆಗೆ ಪರಿಚಯದ ಹುಡುಗ ಶಾಹಬಾಜ್‌ನ ಆಟೋದಲ್ಲಿ ಬಂದ. ಶಾಹಬಾಜ್ ಹಿಂದಿನ ಸೀಟಿನಡಿ ದೊಡ್ಡ ಸ್ಪೀಕರು, ಬೇಸ್ ಬಾಕ್ಸ್ ಅಂತಾರಲ್ಲ ಅದನ್ನು, ಕೂರಿಸಿದ್ದ. ಭಾವ ಕೂತಿದ್ದೇ ತಡ, ಸೊಂಟದಿಂದ ಎದೆಗೆ ಸದ್ದು ಹತ್ತಿತು. ದುಮ್ ಎನ್ನುವುದು, ಒಸಿ ಹೊತ್ತು ಸುಮ್ಮನಾಗುವುದು, ಮತ್ತೆ ಬಾವಿಯೊಳಗಿಂದ ಬಂದ ಹಾಗೆ ದುಮ್. ಇಳಿಯುವ ಜಾಗ ದಾಟಿ ಐಜೂರು ಬಡಾವಣೆ ಸುತ್ತಿ ಬಂದರೂ ಇವನು ಇಳಿಯಲಿಲ್ಲ. ಇದು ಹೊರದೇಶದ ಒಬ್ಬ ಪ್ರೊಡ್ಯೂಸರ್ ಮಾಡಿದ ಆಲ್ಬಮ್ಮು, ಆಫ್ರಿಕಾದ್ದು, ಅರಬರದ್ದು, ನಮ್ಮ ತಬಲಾ ಎಲ್ಲವನ್ನೂ ಕಲೆಸಿ ಅದರ ತಳಕ್ಕೆ ಫಂಕ್, ಡಬ್ ಅನ್ನೋ ಥರದ, ಎದೆಗೆ ಗುದ್ದುವ ಬೇಸ್ ಹಾಕುತ್ತಾನೆ ಎಂದು ಶಾಹಬಾಜ್ ತುಟಿ ಅಗಲಿಸಿ ತಿಳಿಸಿದ. ಆ ಪುಣ್ಯಾತ್ಮನ ಆಲ್ಬಮ್ಮುಗಳನ್ನೆಲ್ಲ ಫೋನಿಗೆ ಹಾಕಿಯೂ ಕೊಟ್ಟ. ಭಾವ ಎಲ್ಲಿಂದಲೋ ಹಳೇ ಬೇಸ್ ಬಾಕ್ಸ್ ತಂದು ಮಂಚದ ಕೆಳಗಿಟ್ಟ.

ಅವತ್ತಿಂದ ಆಸಾಮಿಯೇ ಬೇರೆ. ಸಂಜೆಯಾದರೆ ಗೋಡೆಗೆ ಮುಖ ಮಾಡಿ ಮಲಗಿ ಕೇಳುವುದು. ಬೆನ್ನ ಹಿಂದೆ ಧನು ಹೂ ಕಟ್ಟುತ್ತಾ ಕೂರುವುದು. ಡಾಕ್ಟರಿಗೇನು ಗೊತ್ತು, ಕಿವಿ ತೆರೆಯುತ್ತಿದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಇವತ್ತು ಬೇಸ್ ಕೇಳಿತು, ನಾಳೆ ಮಗಳ ಹಾಡು ಕೇಳುತ್ತದೆ ಎಂಬುದು ಅವನ ಆಸೆ. ಕಿವಿ ವಾಸಿಯಾಗುತ್ತಿರುವಾಗ ಇನ್ನೇನು ಭಯ ಎಂದು ಅದೇ ಹುಮ್ಮಸ್ಸಿನಲ್ಲಿ ಕಾವಲು ಬಿಟ್ಟು ಮತ್ತೆ ಶೆಡ್ಡಿಗೆ ಹೋದ. ನಾವೂ ನಂಬಿದೆವು, ಯಾಕೆಂದರೆ ನಂಬಿದರೆ ಎಲ್ಲರಿಗೂ ಹಾಯೆನಿಸುತ್ತಿತ್ತು.

ಒಂದು ಭಾನುವಾರ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಉಂಡಾದ ಮೇಲೆ ಭಾವ ಹಾಡು ಹಾಕಿ ನನ್ನನ್ನು ಮಂಚಕ್ಕೆ ಎಳೆದ.

"ಈ ಆಲ್ಬಮ್ ಮಾಡ್ದೋನ ದೊಡ್ಡಸ್ತಿಕೆ ನೋಡಯ್ಯ. ಒಂದ್ರಲ್ಲೂ ಹಾಡೋರೇ ಇಲ್ಲ. ಬರೀ ಬೇಸಲ್ಲೇ ಎಲ್ಲಾನೂ ಯೋಳ್ಬುಡ್ತಾನೆ."

ಬಾಕ್ಸಿನಲ್ಲಿ ಒಬ್ಬ ಹೆಂಗಸು ಎದೆ ಬಿರಿಯುವ ಹಾಗೆ ಹಾಡುತ್ತಿದ್ದಳು. ಯಾವ ಭಾಷೆಯೋ ಏನೋ. ಧನು ಕಟ್ಟುತ್ತಿದ್ದ ಹೂವು ಕೆಳಗಿಟ್ಟು ಎದ್ದುಬಂದು, ತುಟಿ ಕಾಣುವ ಹಾಗೆ ಅಪ್ಪನ ಎದುರಿಗೆ ಕೂತಳು.

"ಹಾಡ್ತಾವ್ಳೆ ಕಣಪ್ಪ. ಹೆಂಗ್ಸು."

ಭಾವ ನಕ್ಕ. ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ, ಆ ಹೆಂಗಸು ಹಾಡುವಾಗ ಕೈ ಎತ್ತು, ನಿಲ್ಲಿಸಿದಾಗ ಇಳಿಸು ಎಂದ. ಧನು ಕೈ ಎತ್ತಿದಳು. ಹಾಡು ಮುಗಿಯುವ ತನಕ ಆ ಕೈ ಇಳಿಯಲೇ ಇಲ್ಲ; ಸೋತಾಗ ಇನ್ನೊಂದು ಕೈಯ ಆಸರೆ ಕೊಟ್ಟು ಹಿಡಿದುಕೊಂಡಳು. ನನಗೆ ನೋಡಲಾಗಲಿಲ್ಲ.

"ದಿನಾ ಹಿಂದ್ಗಡೆ ಕೂತಿರ್ತಿದ್ಯಲ್ಲ, ನೀನು?" ಎಂದು ಕೇಳಿದ ಭಾವ.

"ನಾನೂ ಅವಳ ಜೊತೆ ಹಾಡ್ತಿದ್ದೆ ಕಣಪ್ಪ. ನಿಂಗೆ ಕೇಳ್ತದೆ ಅನ್ಕಂಡಿದ್ದೆ."

ಭಾವ ಬಾಕ್ಸಿನ ವೈರು ಕಿತ್ತ. ಉಳಿದ ಕಿವಿಯೂ ಹೋಗುತ್ತದೆ, ನಾಳೆ ಶೆಡ್ಡಿಗೆ ಹೋಗುವುದು ಬೇಡ ಎಂದು ಅಕ್ಕ, ನಾನು ಎಷ್ಟೋ ಹೇಳಿದೆವು. ಅವನು ನಮ್ಮ ಬಾಯಿಯನ್ನು ನೋಡಲೇ ಇಲ್ಲ, ಗೋಡೆಯ ಕಡೆ ತಿರುಗಿ ಮಲಗಿದ. ಉಳಿಸಿಕೊಳ್ಳಲು ಇನ್ನೇನಿದೆ ಎಂಬಂತೆ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋದ.